ಮಮತೆಯ ನರಜಾಲ

ಇನ್ನೂ ಬಸಿರಾಗದ ಹೆಣ್ಣಿಲಿಯ ಮುಂದೆ ಆಗತಾನೆ ಹುಟ್ಟಿದ ಮರಿಗಳನ್ನಿಟ್ಟರೆ ಅದು ಮೂಸಿ ನೋಡಿ ದೂರ ಸರಿಯುತ್ತದೆ. ಅದೇ ಇಲಿ ತಾನು ಮರಿ ಹಾಕಿತೆಂದರೆ ಗೂಡು ಹಸನು ಮಾಡುತ್ತದೆ, ಚೆದುರಿದ ಮರಿಗಳನ್ನು ಬಾಯಲ್ಲಿ ಕಚ್ಚಿ ತರುತ್ತದೆ, ನೆಕ್ಕುತ್ತದೆ, ಬೆನ್ನು ಬಾಗಿಸಿ ನಿಂತು ಹಾಲೂಡುತ್ತದೆ. ಚೊಚ್ಚಲ ಬಾಣಂತನದಲ್ಲೂ ಇದನ್ನು ಯಾರೂ ಕಲಿಸಬೇಕಿಲ್ಲ.

ಈ ಮಾರ್ಪಾಡಿನ ಸುಳಿವು ರಕ್ತದಲ್ಲಿದೆ ಎಂದು ತೋರಿಸಿದವರು ಜೋಸೆಫ್ ಟರ್ಕೆಲ್ ಮತ್ತು ಜೇ ರೋಸೆನ್‌ಬ್ಲಾಟ್. 1972ರಲ್ಲಿ ಅವರು, ಆಗಷ್ಟೇ ಈದ ಇಲಿಯ ರಕ್ತವನ್ನು ಬಸಿರಾಗದ ಇಲಿಗೆ ಹರಿಸಿದಾಗ ಅದು ಒಂದು ದಿನ ಕಳೆಯುವುದರೊಳಗೆ ಪರರ ಮರಿಗಳ ಆರೈಕೆಗೆ ತೊಡಗಿತು. ಬಸಿರಿನುದ್ದಕ್ಕೂ ಹೆಚ್ಚಿರುವ ಪ್ರೊಜೆಸ್ಟೆರಾನ್ ಹೆರಿಗೆ ಸಮೀಪಿಸಿದಂತೆ ಕುಸಿಯುತ್ತದೆ. ಈಸ್ಟ್ರೊಜನ್ ಮತ್ತು ಪ್ರೊಲ್ಯಾಕ್ಟಿನ್ ಏರುತ್ತವೆ. ಇವು ನಾಟುವ ಮುಖ್ಯ ತಾಣ ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್‌ನ ಒಂದು ಪುಟ್ಟ ಭಾಗ, ಮೀಡಿಯಲ್ ಪ್ರಿಆಪ್ಟಿಕ್ ಏರಿಯಾ. ಅದನ್ನು ಹಾಳುಗೆಡವಿದರೆ ತಾಯಿಲಿ ಮರಿಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು 1974ರಲ್ಲಿ ಮೈಕೆಲ್ ನ್ಯೂಮನ್ ವರದಿ ಮಾಡಿದರು. ಮರಿ ಕಂಡರೆ ಹಿತವೆನಿಸುವಂತೆ ಮಾಡುವ ಡೋಪಮಿನ್ ವ್ಯವಸ್ಥೆಗೂ ಈ ಭಾಗದಿಂದ ಸಂಪರ್ಕವಿದೆ.

ಪತ್ರಿಕೆಗಳು 'ಪ್ರೀತಿಯ ಹಾರ್ಮೋನು' ಎಂದು ಹೊಗಳುವ ಆಕ್ಸಿಟೋಸಿನ್‌ನದು ಸ್ವಲ್ಪ ತೊಡಕಿನ ಕಥೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವುದು ಅದರ ಕೆಲಸ; ಕರು ಗುದ್ದಿದೊಡನೆ ಹಸು ಹಾಲಿಳಿಸುವುದೂ ಅದರಿಂದಲೇ. ಕುರಿಗಳಲ್ಲಿ ಅದು ಮಿದುಳಿನೊಳಗೂ ಬಿಡುಗಡೆಯಾಗಿ, ಈದ ಕೆಲವೇ ಗಂಟೆಗಳಲ್ಲಿ ತನ್ನ ಮರಿಯ ವಾಸನೆಯನ್ನು ತಾಯಿಯ ನೆನಪಿನಲ್ಲಿ ಅಚ್ಚೊತ್ತಲು ನೆರವಾಗುತ್ತದೆ. ಆಮೇಲೆ ಬೇರೆ ಮರಿ ಕೆಚ್ಚಲಿಗೆ ಬಂದರೆ ಕುರಿ ಹಾಯ್ದು ಓಡಿಸುತ್ತದೆ. ಸತ್ತ ಮರಿಯ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸುವ ಕುರಿಗಾಹಿಗಳ ಹಳೆಯ ಉಪಾಯ ಫಲಿಸುವುದು ಇದೇ ಕಾರಣಕ್ಕೆ. ಆದರೂ ಮಮತೆಯನ್ನೆಲ್ಲ ಆಕ್ಸಿಟೋಸಿನ್‌ನ ಲೆಕ್ಕಕ್ಕೆ ಬರೆಯುವಂತಿಲ್ಲ. ಅದರ ಜೀನನ್ನೇ ತೆಗೆದ ಸುಂಡಿಲಿಗಳು ಮರಿ ಹಾಕಿದವು, ಗೂಡಿಗೆ ತಂದು ಆರೈಕೆಯನ್ನೂ ಮಾಡಿದವು. ಹಾಲು ಮಾತ್ರ ಇಳಿಯಲಿಲ್ಲ, ಮರಿಗಳು ಉಳಿಯಲಿಲ್ಲ. ಇದು 1996ರ ಪ್ರಯೋಗ.

ಹಾರ್ಮೋನುಗಳ ಹಂಗಿಲ್ಲದೆಯೂ ಈ ನರಜಾಲ ಎಚ್ಚರಗೊಳ್ಳಬಲ್ಲದು. ಬಸಿರಾಗದ ಇಲಿಯನ್ನು ಒಂದು ವಾರದಷ್ಟು ಕಾಲ ಮರಿಗಳ ಜತೆಗೇ ಬಿಟ್ಟರೆ ಅದೂ ತಾಯಿಯಂತೆ ನಡೆದುಕೊಳ್ಳತೊಡಗುತ್ತದೆ. ಅಂದರೆ ವ್ಯವಸ್ಥೆ ಮೊದಲೇ ಇದೆ, ಹಾರ್ಮೋನುಗಳು ಅದನ್ನು ಚುರುಕುಗೊಳಿಸುತ್ತವೆ, ಅಷ್ಟೆ.

ಗಂಡಿನಲ್ಲೂ ಅದು ಇದೆ ಎಂಬುದೇ ಹೆಚ್ಚು ಬೆರಗಿನ ಸಂಗತಿ. ಒಂಟಿ ಗಂಡು ಸುಂಡಿಲಿ ಮರಿಗಳನ್ನು ಕಂಡರೆ ಸಾಮಾನ್ಯವಾಗಿ ಕಚ್ಚಿ ಕೊಲ್ಲುತ್ತದೆ. ಹೆಣ್ಣಿನೊಡನೆ ಕೂಡಿದ ಸುಮಾರು ಮೂರು ವಾರಕ್ಕೆ, ಅಂದರೆ ತನ್ನ ಮರಿಗಳು ಹುಟ್ಟುವ ಹೊತ್ತಿಗೆ, ಅದೇ ಗಂಡು ಅವನ್ನು ನೆಕ್ಕಿ ಬೆಚ್ಚಗಿಡುತ್ತದೆ. ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್ ಅವರ ತಂಡ 2014ರಲ್ಲಿ, ಮೇಲೆ ಹೇಳಿದ ಭಾಗದಲ್ಲೇ ಗ್ಯಾಲನಿನ್ ಎಂಬ ರಾಸಾಯನಿಕವಿರುವ ನರಕೋಶಗಳನ್ನು ಬೆಳಕಿನಿಂದ ಪ್ರಚೋದಿಸಿತು. ಮರಿಗಳ ಮೇಲೆರಗುತ್ತಿದ್ದ ಗಂಡುಗಳು ಅದನ್ನು ಬಿಟ್ಟು ಅವುಗಳ ಮೈ ನೆಕ್ಕಿದವು. ಅದೇ ಕೋಶಗಳನ್ನು ಅಳಿಸಿದರೆ ತಾಯಂದಿರ ಆರೈಕೆಯೂ ಕೆಟ್ಟಿತು.

ಮರಿಹತ್ಯೆ ಪ್ರಯೋಗಾಲಯದ ವಿಕೃತಿಯೇನಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಮುಸುವಗಳಲ್ಲಿ, ಗುಂಪನ್ನು ಹೊಸದಾಗಿ ವಶಪಡಿಸಿಕೊಂಡ ಗಂಡು ಹಿಂದಿನ ಗಂಡಿನ ಎಳೆಮರಿಗಳನ್ನು ಕೊಲ್ಲುವುದನ್ನು ದಾಖಲಿಸಿದ್ದರು. ಅದೇ ಮುಸುವಗಳ ಗುಂಪಿನಲ್ಲಿ ಹೆತ್ತವಳಲ್ಲದ ಹೆಣ್ಣುಗಳು ಕೂಸನ್ನು ಕೈಯಿಂದ ಕೈಗೆ ಎತ್ತಿಕೊಂಡು ತಿರುಗುತ್ತವೆ.

ಮನುಷ್ಯರ ಮಿದುಳನ್ನು ಹೀಗೆ ಬೆಳಕು ಹಾಯಿಸಿ ಕೆಣಕುವಂತಿಲ್ಲ, ಹಾರ್ಮೋನುಗಳನ್ನು ಅಳೆಯಬಹುದು. ಫಿಲಿಪೈನ್ಸ್‌ನ ಸೆಬು ನಗರದಲ್ಲಿ ನೂರಾರು ಯುವಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತಂದೆಯಾದವರಲ್ಲಿ ಟೆಸ್ಟೊಸ್ಟೆರಾನ್ ಗಣನೀಯವಾಗಿ ಇಳಿದಿತ್ತು. ತಂದೆಯರ ಪೈಕಿ, ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅದರ ಮಟ್ಟ, ಮಗುವಿನ ತಂಟೆಗೇ ಹೋಗದವರಿಗಿಂತ ಕಡಿಮೆಯಿತ್ತು.