ಎಡ ಹೆಗಲ ಹಿಂದಿನ ಹಿಡಿ

1997ರ ಅಕ್ಟೋಬರ್ 12ರ ಸಂಜೆ, ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ತಾವು ಆಗಷ್ಟೇ ಕೊಂಡಿದ್ದ ಲಾಂಗ್-ಈಜಿ ಎಂಬ ಪುಟ್ಟ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಿಂದ ಮೇಲೇರಿದರು. ರನ್‌ವೇಗೆ ಚಕ್ರ ತಾಗಿಸಿ ಮತ್ತೆ ಏರುವ ಅಭ್ಯಾಸ ಮುಗಿಸಿ ಕಡಲಿನತ್ತ ತಿರುಗಿದರು. ಕೆಲವೇ ನಿಮಿಷಗಳಲ್ಲಿ ವಿಮಾನ ಪೆಸಿಫಿಕ್ ಗ್ರೋವ್ ತೀರದ ಬಳಿ ನೀರಿಗೆ ಬಿತ್ತು. ತೀರಿಕೊಂಡಾಗ ಅವರಿಗೆ 53 ವರ್ಷ. ಸುಮಾರು 2,700 ಗಂಟೆ ಹಾರಿದ ಅನುಭವ ಅವರಿಗಿತ್ತು. ಎಂಜಿನ್ನೂ ಕೆಟ್ಟಿರಲಿಲ್ಲ. ಪೆಟ್ರೋಲ್ ಅದರ ಬಾಯಿಗೆ ತಲುಪಿರಲಿಲ್ಲ, ಅಷ್ಟೆ.

ಸಣ್ಣ ವಿಮಾನಗಳ ಇಂಧನ ಸಾಮಾನ್ಯವಾಗಿ ಎರಡು ರೆಕ್ಕೆಗಳ ಟ್ಯಾಂಕುಗಳಲ್ಲಿರುತ್ತದೆ. ಸೆಸ್ನಾ 172ರಂಥ ವಿಮಾನದಲ್ಲಿ ರೆಕ್ಕೆ ಪೈಲಟ್‌ನ ತಲೆಯ ಮೇಲಿದೆ; ಇಂಧನ ತನ್ನ ಭಾರಕ್ಕೇ ಇಳಿದು ಬರುತ್ತದೆ, ಎರಡೂ ಟ್ಯಾಂಕುಗಳನ್ನು ಒಟ್ಟಿಗೆ ತೆರೆದಿಟ್ಟು ಹಾರಬಹುದು. ಪೈಪರ್ ಚೆರೋಕಿಯ ರೆಕ್ಕೆ ಕೆಳಗಿದೆ. ಅಲ್ಲಿ ಪಂಪು ಇಂಧನವನ್ನು ಮೇಲಕ್ಕೆ ಎಳೆಯಬೇಕು. ಎರಡನ್ನೂ ಒಟ್ಟಿಗೆ ತೆರೆದರೆ, ಒಂದು ಬರಿದಾದೊಡನೆ ಪಂಪು ಅಲ್ಲಿಂದ ಗಾಳಿಯನ್ನೇ ಎಳೆಯತೊಡಗುತ್ತದೆ. ಹಾಗಾಗಿ ಅಲ್ಲಿ ಎಡ ಇಲ್ಲವೇ ಬಲ, ಒಂದೇ. ಬದಲಿಸುವುದು ಪೈಲಟ್‌ನ ಕೆಲಸ. ಹಳೆಯ ಬೈಕಿನಲ್ಲಿ ರಿಸರ್ವ್‌ಗೆ ತಿರುಗಿಸುತ್ತಿದ್ದೆವಲ್ಲ, ಹಾಗೆಯೇ. ಆದರೆ ಇಲ್ಲಿ ಮರೆತರೆ ನಿಲ್ಲಿಸಲು ರಸ್ತೆಬದಿ ಇಲ್ಲ.

ಒಂದು ರೆಕ್ಕೆಯಲ್ಲಿ ಗಂಟೆಗಟ್ಟಲೆ ಹಾರುವಷ್ಟು ಪೆಟ್ರೋಲ್ ಇದ್ದೂ ಎಂಜಿನ್ ನಿಂತುಹೋಗುವುದು ಹೀಗೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ಪ್ರಕಾರ, 2011ರಿಂದ 2015ರವರೆಗೆ ಆ ದೇಶದಲ್ಲಿ ಇಂಧನ ನಿರ್ವಹಣೆಯ ತಪ್ಪಿನಿಂದಾದ ಅಪಘಾತಗಳು ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು. ಹೆಚ್ಚಿನವುಗಳಲ್ಲಿ ಟ್ಯಾಂಕುಗಳೇ ಖಾಲಿಯಾಗಿದ್ದವು. ಮೂರನೇ ಒಂದರಷ್ಟರಲ್ಲಿ ಮಾತ್ರ ಇಂಧನ ವಿಮಾನದಲ್ಲೇ ಇತ್ತು, ಎಂಜಿನ್‌ಗೆ ಸಿಗಲಿಲ್ಲ. ಓದುವಾಗ ಹೊಟ್ಟೆ ಹಿಂಡುವುದು ಈ ಎರಡನೆಯ ಬಗೆಯೇ.

ಲಾಂಗ್-ಈಜಿ ಬರ್ಟ್ ರುಟಾನ್ ರೂಪಿಸಿದ ವಿಮಾನ. ನಕ್ಷೆ ಕೊಂಡು ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವಂಥದ್ದು. ನಕ್ಷೆಯಲ್ಲಿ ಟ್ಯಾಂಕ್ ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ, ಕೈಗೆಟುಕುವಂತಿದೆ. ಡೆನ್ವರ್ ಕೊಂಡ ಈ ವಿಮಾನವನ್ನು ಕಟ್ಟಿದವರಿಗೆ ಪೈಲಟ್ ಕೂರುವ ಜಾಗದಲ್ಲಿ ಇಂಧನದ ಕೊಳವೆ ಇರುವುದು ಬೇಡವೆನಿಸಿತು. ಸೋರಿದರೆ ಬೆಂಕಿ ಎಂಬ ಅಂಜಿಕೆ ಹುಸಿಯೂ ಅಲ್ಲ. ಅವರು ಹಿಡಿಯನ್ನು ಎಡ ಹೆಗಲ ಹಿಂದಿನ ಗೋಡೆಗೆ ಒಯ್ದರು. ಎಡ ಯಾವುದು, ಬಲ ಯಾವುದು ಎಂಬ ಗುರುತೂ ಅದರ ಮೇಲಿರಲಿಲ್ಲ. ಇಂಧನದ ಮಟ್ಟ ತೋರಿಸುವ ಗಾಜಿನ ಕಿಂಡಿಗಳು ಹಿಂದಿನ ಸೀಟಿನ ಪಕ್ಕದಲ್ಲಿದ್ದವು.

ಹಿಡಿ ತಿರುಗಿಸಬೇಕಾದರೆ ಬಲಗೈಯನ್ನು ನಿಯಂತ್ರಣ ದಂಡದಿಂದ ತೆಗೆಯಬೇಕು, ಹೆಗಲ ಪಟ್ಟಿ ಸಡಿಲಿಸಬೇಕು, ಮೈಯನ್ನು ಪೂರ್ತಿ ಎಡಕ್ಕೆ ಹೊರಳಿಸಬೇಕು. ನೀವು ಕುಳಿತಲ್ಲೇ ಒಮ್ಮೆ ಹಾಗೆ ತಿರುಗಿ ನೋಡಿ: ಬಲಗಾಲು ತಾನಾಗಿ ಮುಂದಕ್ಕೆ ಒತ್ತುತ್ತದೆ. ವಿಮಾನದಲ್ಲಿ ಆ ಕಾಲಿನಡಿ ಇರುವುದು ಬಲ ರಡ್ಡರ್ ಪೆಡಲ್. ಒತ್ತಿದರೆ ಮೂಗು ಬಲಕ್ಕೆ ಎಳೆಯುತ್ತದೆ, ವಿಮಾನ ಆ ಕಡೆಗೇ ವಾಲಿ ಕೆಳಗೆ ಜಾರುತ್ತದೆ.

ಹಾರುವ ಮುನ್ನ ಡೆನ್ವರ್‌ಗೂ ಈ ತೊಡಕು ತಿಳಿದಿತ್ತು. ನಿಲ್ದಾಣದ ಮೆಕ್ಯಾನಿಕ್ ಜೊತೆಗೂಡಿ ಹಿಡಿಗೆ ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಆಗಲಿಲ್ಲ. ಮಟ್ಟ ನೋಡಿಕೊಳ್ಳಲು ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟರು. ಅಗತ್ಯ ಬಿದ್ದರೆ ಆಟೊಪೈಲಟ್ ಹಾಕಿ ತಿರುಗಿಸಿಕೊಳ್ಳುತ್ತೇನೆ ಎಂದರು ಡೆನ್ವರ್. ಒಂದು ಗಂಟೆಯಷ್ಟೇ ಹಾರುವುದು, ಪೆಟ್ರೋಲ್ ತುಂಬಿಸುವುದು ಬೇಡ ಎಂದೂ ಹೇಳಿದರು. ನೀರಿನಿಂದ ಮೇಲೆತ್ತಿದ ಅವಶೇಷದಲ್ಲಿ ಆ ಹಿಡಿ ತಿರುಗಿಸುವ ಕವಾಟ ಎಡಕ್ಕೂ ಇಲ್ಲದೆ ಬಲಕ್ಕೂ ಇಲ್ಲದೆ ನಡುವೆ ಸಿಕ್ಕಿತ್ತು.

ಮಂಡಳಿ ಇಂಧನ ತುಂಬಿಸದೆ ಹೊರಟದ್ದನ್ನೂ, ಹಿಡಿಯ ಕಡೆ ಗಮನ ಹರಿದು ನಿಯಂತ್ರಣ ತಪ್ಪಿದ್ದನ್ನೂ ಕಾರಣವೆಂದಿತು. ಹಿಡಿಯ ಜಾಗ, ಗುರುತಿಲ್ಲದ ಮಾಪಕ, ಹೊಸ ವಿಮಾನದಲ್ಲಿ ಸಾಲದ ತರಬೇತಿ ಇವೂ ಪೂರಕ ಕಾರಣಗಳೆಂದಿತು. ನನಗೆ ಈ ಕೊನೆಯ ಮಾತುಗಳೇ ಮುಖ್ಯವೆನಿಸುತ್ತವೆ. ಗಾಬರಿಯಾದ ಮನುಷ್ಯನ ದೇಹ ಹೇಗೆ ತಿರುಗುತ್ತದೆಂದು ಯಂತ್ರ ಕಟ್ಟುವವನು ಮೊದಲೇ ಯೋಚಿಸಿರಬೇಕು.

ಎತ್ತರವೆಂದರೆ ಇಲ್ಲಿ ಸಮಯ. ಎಂಜಿನ್ ನಿಂತ ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. 500 ಅಡಿಯಿಂದ ನೆಲ ಮುಟ್ಟಲು ಮುಕ್ಕಾಲು ನಿಮಿಷವೂ ಸಿಗುವುದಿಲ್ಲ. ಬರಿದಾದ ಕೊಳವೆ ಮತ್ತೆ ತುಂಬಿ ಎಂಜಿನ್ ಚೇತರಿಸಿಕೊಳ್ಳಲು ಅದರಲ್ಲೇ ಒಂದಿಷ್ಟು ಸೆಕೆಂಡು ಹೋಗುತ್ತವೆ. ಆದ್ದರಿಂದ ಎಚ್ಚರದ ಪೈಲಟ್‌ಗಳು ಹಾರುವ ಮುಂಚೆ ಟ್ಯಾಂಕಿಗೆ ಕಡ್ಡಿ ಇಳಿಸಿ ಮಟ್ಟ ಅಳೆಯುತ್ತಾರೆ, ಗಡಿಯಾರ ನೋಡಿ ಟ್ಯಾಂಕ್ ಬದಲಿಸುತ್ತಾರೆ. ಬದಲಿಸುವುದನ್ನು ಎತ್ತರದಲ್ಲಿ, ಇಳಿಯಬಹುದಾದ ಬಯಲು ಕಣ್ಣೆದುರಿಗಿರುವಾಗಲೇ ಮುಗಿಸುತ್ತಾರೆ.