ಪ್ಲಗ್ಗು ಕೀಳುವ ಕೈ

ಸಂಪರ್ಕ ತಪ್ಪುವುದಕ್ಕೆ ನಮ್ಮ ಮನೆಮಾತಿನಲ್ಲಿ ಮೂರು ಬಗೆಯ ವಾಕ್ಯಗಳಿವೆ. 'ಕರೆಂಟು ಹೋಯ್ತು' ಅಂದರೆ ಯಾರ ಮೇಲೂ ದೂರಿಲ್ಲ, ಮಳೆ ಬಂದ ಹಾಗೆ ಅದೂ ಒಂದು. 'ಫ್ಯೂಸು ಕಿತ್ರು' ಅಂದರೆ ಬಿಲ್ಲು ಕಟ್ಟಿಲ್ಲ, ಯಾರೋ ಬಂದು ಕಿತ್ತಿದ್ದಾರೆ. 'ಪ್ಲಗ್ಗು ತೆಗ್ದೆ' ಅಂದರೆ ನಾನೇ, ನನ್ನ ಕೈಯಾರೆ. ಮೂರರಲ್ಲೂ ದೀಪ ಆರುವುದು ಒಂದೇ ರೀತಿ. ಕರ್ತೃ ಮಾತ್ರ ಬೇರೆ. ವ್ಯಾಕರಣದ ತರಗತಿಯಲ್ಲಿ ನಾವು ಆಕಳಿಸುತ್ತ ಕಲಿತ ಈ ಕರ್ತೃಪದ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಮದರಾಸಿನ ಪ್ಯಾರೀಸ್ ಕಾರ್ನರಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಈ ಪ್ಯಾರೀಸಿಗೂ ಫ್ರಾನ್ಸಿಗೂ ಸಂಬಂಧವಿಲ್ಲ. 1788ರಲ್ಲಿ ಮದರಾಸಿನಲ್ಲಿ ವ್ಯಾಪಾರ ಹೂಡಿದ ಥಾಮಸ್ ಪ್ಯಾರಿಯ ಹೆಸರು ಅದು. ಹೈಕೋರ್ಟಿನ ಬಳಿಯ ಈ ಮೂಲೆಯಲ್ಲಿ ಒಂದು ಕಾಲಕ್ಕೆ ಟ್ರಾಂ ಓಡುತ್ತಿತ್ತು. 1895ರಲ್ಲಿ ಮದರಾಸಿನಲ್ಲಿ ಶುರುವಾದದ್ದು ಭಾರತದ ಮೊದಲ ವಿದ್ಯುತ್ ಟ್ರಾಂ. ಕಂಪನಿ ನಷ್ಟಕ್ಕೆ ಬಿದ್ದು 1953ರಲ್ಲಿ ಅದು 'ನಿಂತುಹೋಯಿತು'. ಚರಿತ್ರೆ ಹೀಗೆ ಬರೆದುಕೊಳ್ಳುತ್ತದೆ, ಕರೆಂಟು ಹೋದ ಹಾಗೆ. ಕೆಲಸ ಕಳೆದುಕೊಂಡ ಕಂಡಕ್ಟರನ ಬಾಯಲ್ಲಿ ಅದು 'ನಿಲ್ಲಿಸಿಬಿಟ್ರು' ಆಗದೆ ಇದ್ದೀತೆ?

ಅಲ್ಲಿಂದ ಬೀಚ್ ಸ್ಟೇಷನ್ನಿನ ಕಡೆ ನಡೆದರೆ ಬರ್ಮಾ ಬಜಾರು. ಚಾರ್ಜರು, ಹೆಡ್‌ಫೋನು, ವೈರು, ಪ್ಲಗ್ಗು ಎಲ್ಲವೂ ಸಿಗುತ್ತವೆ. ಈ ಬಜಾರನ್ನು ಕಟ್ಟಿದವರು ತಾವೇ ಕಿತ್ತುಬಂದವರು. 1962ರಲ್ಲಿ ಬರ್ಮಾದಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಅಂಗಡಿ ಮುಂಗಟ್ಟುಗಳು ಸರ್ಕಾರದ ವಶವಾದವು, ಲಕ್ಷಾಂತರ ಭಾರತೀಯರು ಊರು ಬಿಟ್ಟರು. 'ಬಿಟ್ಟರು' ಅನ್ನುವುದೂ ಅರ್ಧ ಸತ್ಯವೇ.

ಮೂರು ಕಡ್ಡಿಯ ಪ್ಲಗ್ಗನ್ನು ಒಮ್ಮೆ ನೋಡಿ. ಅರ್ತಿನ ಕಡ್ಡಿ ಉಳಿದೆರಡಕ್ಕಿಂತ ಉದ್ದ. ಚುಚ್ಚುವಾಗ ಅದು ಮೊದಲು ತಾಗುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಯಂತ್ರದ ಮೈಗೆ ಕರೆಂಟು ಸೋರಿದ್ದರೂ ಮುಟ್ಟಿದವನಿಗೆ ಶಾಕು ಹೊಡೆಯದಿರಲಿ ಅಂತ ಈ ಏರ್ಪಾಡು. ಯಂತ್ರಕ್ಕೆ ತೋರಿಸುವ ಇಷ್ಟು ಕಾಳಜಿಯನ್ನು ಮನುಷ್ಯರನ್ನು ಕೀಳುವಾಗ ಯಾರೂ ತೋರಿಸುವುದಿಲ್ಲ.

ಈಗ 'ಅನ್‌ಪ್ಲಗ್ಡ್' ಅನ್ನುವುದು ಒಂದು ಸುಖದ ಮಾತು. 1989ರಲ್ಲಿ ಶುರುವಾದ ಎಂಟಿವಿ ಕಾರ್ಯಕ್ರಮದಿಂದ ಅದು ಸಂಗೀತದಲ್ಲಿ ಮನೆಮಾತಾಯಿತು, ಮೈಕಿನ ಪ್ಲಗ್ಗು ಮಾತ್ರ ಹಾಗೇ ಇತ್ತು! ರಜೆಯಲ್ಲಿ ಫೋನು ಮುಚ್ಚಿಟ್ಟು ಬೆಟ್ಟಕ್ಕೆ ಹೋಗುವುದೂ ಅನ್‌ಪ್ಲಗ್ಡ್. ಒಳ್ಳೆಯದೇ, ನಾನೂ ಮಾಡ್ತೀನಿ. ಆದರೆ ಪ್ಯಾರೀಸಿನ ಸಂದಿಯಲ್ಲಿ ಬೈಕು ನಿಲ್ಲಿಸಿಕೊಂಡು ಮುಂದಿನ ಆರ್ಡರಿಗೆ ಫೋನು ದಿಟ್ಟಿಸುವ ಹುಡುಗ ಒಂದು ಗಂಟೆ ಫೋನು ಮುಚ್ಚಿಟ್ಟರೆ ಆ ಗಂಟೆಯ ಸಂಪಾದನೆಯೂ ಮುಚ್ಚಿತು. ಬೇಕಾದಾಗ ತೆಗೆದು ಬೇಕಾದಾಗ ಮತ್ತೆ ಚುಚ್ಚಬಲ್ಲವನಿಗೆ ಅದು ವಿಶ್ರಾಂತಿ. ಬೇರೆಯವರು ಕಿತ್ತರೆ ಅದು ಕತ್ತಲೆ.

ಕನ್ನಡ ಓದುವ ನಾವು ಇನ್ನು ಮುಂದೆ ಯಾರಾದರೂ 'ಸಂಪರ್ಕ ತಪ್ಪಿತು' ಅಂದರೆ, ಕರ್ತೃಪದ ಎಲ್ಲಿ ಅಂತ ಕೇಳೋಣ.