ಕಾಗದ ನೋಡಲು ಕೋವಿ ಬೇಕೆ?

2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಲಸಿಗರ ಬಂಧನದ ವಿರುದ್ಧ ಪ್ರತಿಭಟನೆ ನಡೆದಾಗ ಟ್ರಂಪ್ ನ್ಯಾಷನಲ್ ಗಾರ್ಡ್ ಯೋಧರನ್ನು ಬೀದಿಗಿಳಿಸಿದರು. ‘ಇಲ್ಲೂ ಹಾಗೇ ಮಾಡ್ಬೇಕು’ ಎಂದ, ಪೀಣ್ಯದ ವರ್ಕ್‌ಶಾಪಿನಲ್ಲಿ ನನ್ನ ಜೊತೆ ಕೆಲಸ ಮಾಡುವವನು. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಅಸ್ಸಾಮಿನ ಗೆಳೆಯ ಮಾತಾಡಲಿಲ್ಲ.

ಪಡೆ ಬಂದರೆ ಹೇಗಿರುತ್ತದೆಂದು ಪೀಣ್ಯಕ್ಕೆ ಗೊತ್ತು. 2016ರ ಸೆಪ್ಟೆಂಬರ್‌ನ ಕಾವೇರಿ ಗಲಭೆಯಲ್ಲಿ ಇಲ್ಲಿ ಕರ್ಫ್ಯೂ ಇತ್ತು. ನಗರಕ್ಕೆ ಕೇಂದ್ರ ಪಡೆಗಳು ಬಂದಿದ್ದವು. ಅದು ಗಲಭೆ ತಡೆಯಲು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್ ಪ್ರಕಾರ, ಗುಂಪು ಬೇರೆ ದಾರಿಯಲ್ಲಿ ಚದುರದಿದ್ದಾಗ ಮಾತ್ರ ಮ್ಯಾಜಿಸ್ಟ್ರೇಟ್ ಸೇನೆ ಕರೆಯಬಹುದು. ಬಳಸುವ ಬಲವೂ ಕನಿಷ್ಠವಿರಬೇಕು.

ಅಕ್ರಮ ವಲಸೆ ತಡೆಯಲೇಬೇಕು. ಆದರೆ ಯಾರು ವಿದೇಶಿ ಎಂದು ದಾಖಲೆ ನೋಡಿ ತೀರ್ಮಾನಿಸುವುದು ಅಧಿಕಾರಿಗಳ, ನ್ಯಾಯಾಲಯದ ಕೆಲಸ. ಕೋವಿ ಹಿಡಿದವನಿಗೆ ಅಸ್ಸಾಮಿನವನೂ ಬಾಂಗ್ಲಾದವನೂ ಒಂದೇ ಥರ ಕಂಡಾರು. ಕಾಗದ ಓದಲು ಸಮಾಧಾನ ಬೇಕು.